ಸಾರಗ್ರಾಹಿ ಮತ್ತು ‘ಗ’ ಪ್ರತಿ

ಅಕ್ಷರವಿಲ್ಲದ ನಾದವಾಗಿ ಹೊಮ್ಮಿ, ಸಮವಸರಣವೆಂಬ ಸಭೆಯಲ್ಲಿ ನೆರೆದ ದೇವ ಮಾನವ ಪಶುಪಕ್ಷಿಗಳಿಗೆಲ್ಲ ಅವರವರ ನುಡಿಯಲ್ಲೇ ತಿಳಿದ ದಿವ್ಯಧ್ವನಿಯ ಒಡೆಯನಾದ ಜಿನೇಶ್ವರನಿಗೆ ನಮಸ್ಕಾರ. ಆ ನಾದವನ್ನು ಕೇಳಿ, ಮರೆವಿಗೆ ಅಂಜಿ, ಅದನ್ನು ಸೂತ್ರಗಳಾಗಿ ಪೋಣಿಸಿದ ಅವನ ಶಿಷ್ಯರಾದ ಗಣಧರರಿಗೆ ನಮಸ್ಕಾರ. ಬಳಿಕ ಬಂದು, ಓಲೆಯ ಮೇಲೆ ಬೆನ್ನು ಬಾಗಿಸಿ, ಕಂಡದ್ದನ್ನು ಕಂಡಂತೆಯೇ ಬರೆದು, ತಮ್ಮ ಹೆಸರನ್ನೂ ಉಳಿಸದೆ ಹೋದ ಲಿಪಿಕಾರರಿಗೆ ಮೂರನೆಯ ನಮಸ್ಕಾರ. ಅವರೆಲ್ಲರ ಅನುಗ್ರಹದಿಂದ ಈ ಕಥೆ ನಿರ್ವಿಘ್ನವಾಗಿ ಸಾಗಲಿ.

ಬರೆದದ್ದನ್ನು ಕಾಪಾಡುವ ಯಂತ್ರವು ಅಕ್ಷರವನ್ನು ಬಿಟ್ಟು ಅರ್ಥವನ್ನಷ್ಟೇ ಇಟ್ಟುಕೊಳ್ಳಲು ಕಲಿತರೆ ಲೋಕವು ಹೇಗಿದ್ದೀತು? ನಾನು ಹೇಳುವ ಕಾಲದಲ್ಲಿ ಅದು ಊಹೆಯಾಗಿ ಉಳಿದಿರಲಿಲ್ಲ. ‘ಸಾರಗ್ರಾಹಿ’ ಎಂಬ ಹೊಸ ಕಾರ್ಯಾಚರಣ ವ್ಯವಸ್ಥೆಯೊಂದು ಗಣಕಯಂತ್ರಗಳೆಲ್ಲವನ್ನೂ ವ್ಯಾಪಿಸಿತ್ತು. ಅದಕ್ಕೆ ಒಂದು ಪತ್ರವನ್ನು ಒಪ್ಪಿಸಿದರೆ ಪತ್ರದ ತಾತ್ಪರ್ಯವನ್ನು ಗ್ರಹಿಸಿ, ಅದನ್ನು ಅತಿ ಚಿಕ್ಕ ಸಂಕೇತವಾಗಿ ಮಡಚಿಟ್ಟು, ಅಕ್ಷರಗಳನ್ನು ಅಳಿಸಿಬಿಡುತ್ತಿತ್ತು. ಮತ್ತೆ ತೆರೆದಾಗ, ತೆರೆದವರ ನುಡಿ ಯಾವುದೋ, ಅವರ ವಾಕ್ಯದ ರೂಢಿ ಎಂಥದೋ, ಅದಕ್ಕೆ ಹೊಂದುವಂತೆ ಹೊಸದಾಗಿ ಬರೆದು ತೋರಿಸುತ್ತಿತ್ತು. ಬೆಳಗಾವಿಯವನು ಬರೆದ ದೂರು ಮಂಗಳೂರಿನ ಅಧಿಕಾರಿಗೆ ಮಂಗಳೂರಿನ ಮಾತಿನಲ್ಲಿ ತಲುಪಿತು. ಅಡುಗೆಯ ವಿಧಾನವು ಮನೆಯಲ್ಲಿರುವ ಮಂದಿಗೆ ತಕ್ಕಷ್ಟು ಅಕ್ಕಿಯನ್ನು ತಾನೇ ಹೇಳಿತು. ಜನರು ಸಂತೋಷಪಟ್ಟರು. ಅದು ನಿಜವಾಗಿಯೂ ಉಪಕಾರವೇ ಆಗಿತ್ತು. ಆದರೆ ಕೆಲವು ವರ್ಷಗಳಲ್ಲಿ ಒಂದು ಸಂಗತಿ ನಡೆದುಹೋಯಿತು. ಯಾರೂ ಅದನ್ನು ಗಮನಿಸಲಿಲ್ಲ. ಪ್ರತಿಯೊಬ್ಬನೂ ಓದುತ್ತಿದ್ದುದೆಲ್ಲ ತನ್ನ ಮಾತನ್ನೇ. ಇನ್ನೊಬ್ಬರ ಧಾಟಿ, ಇನ್ನೊಬ್ಬರ ತಪ್ಪು, ಇನ್ನೊಬ್ಬರ ತೊದಲು ಯಾರ ಕಣ್ಣಿಗೂ ಬೀಳದಾಯಿತು.

ಪಶ್ಚಿಮ ಕರಾವಳಿಯಲ್ಲಿ ಬಸದಿಗಳ ಊರೊಂದಿದೆ. ಅಲ್ಲಿ ಅಂಚೆ ಕಚೇರಿಯ ಮಹಡಿಯ ಮೇಲಿನ ಎರಡು ಕೋಣೆಗಳಲ್ಲಿ ಓಲೆಗ್ರಂಥಗಳನ್ನು ಕಾಪಿಡುವ ಒಂದು ಶ್ರುತಭಂಡಾರವಿತ್ತು. ಅದರ ಏಕಮಾತ್ರ ಕೆಲಸಗಾರ್ತಿ ಮರುದೇವಿ. ವಯಸ್ಸು ಅರವತ್ತೆರಡು, ಅವಿವಾಹಿತೆ, ಅಹಿಂಸೆ, ಸತ್ಯ ಮೊದಲಾದ ಅಣುವ್ರತಗಳನ್ನು ಕೈಗೊಂಡ ಜೈನ ಶ್ರಾವಕಿ. ಮೂವತ್ತು ವರ್ಷಗಳಿಂದ ಅವಳು ಒಂದು ಹಳಗನ್ನಡ ಪುರಾಣದ ನಾಲ್ಕು ಓಲೆಪ್ರತಿಗಳನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿ, ಅವುಗಳ ಪಾಠಾಂತರಗಳನ್ನು, ಎಂದರೆ ಒಂದೇ ಪದ್ಯದಲ್ಲಿ ಪ್ರತಿಯಿಂದ ಪ್ರತಿಗೆ ಕಾಣುವ ಭೇದಗಳನ್ನು, ಗಣಕಯಂತ್ರದಲ್ಲಿ ದಾಖಲಿಸುತ್ತಿದ್ದಳು. ಪ್ರತಿಗಳಿಗೆ ಕ, ಖ, ಗ, ಘ ಎಂದು ಹೆಸರು. ಅವುಗಳಲ್ಲಿ ಗ ಪ್ರತಿಯೇ ಹಳೆಯದು. ಒಂದು ಮಳೆಗಾಲದಲ್ಲಿ ಅದರ ಓಲೆಗಳು ಒಂದಕ್ಕೊಂದು ಅಂಟಿ ಕಲ್ಲಿನಂತಾಗಿ, ಬಿಡಿಸಲು ಹೋದರೆ ಪುಡಿಯಾದವು. ಅದರ ಪಾಠವೀಗ ಮರುದೇವಿಯ ಯಂತ್ರದಲ್ಲಿ ಮಾತ್ರ ಇತ್ತು.

ಯಂತ್ರವೂ ಮುದಿಯಾಗಿತ್ತು. ಬಿಳಿ ಹೋಗಿ ಹಳದಿಯಾದ ಸಿಪಿಯು ಡಬ್ಬ, ಗೊರಗೊರ ಎನ್ನುವ ಪಂಖ. ಈಚೆಗೆ ಅದರ ಹಾರ್ಡ್ ಡಿಸ್ಕು ಹಲ್ಲಿಯಂತೆ ಲೊಚಗುಟ್ಟತೊಡಗಿದಾಗ ಅವಳು, ಹಳೆಯ ಬರಹಗಳನ್ನು ಸಾರಗ್ರಾಹಿಗೆ ಒಪ್ಪಿಸುವ ಪರಿವರ್ತನಾ ಕೇಂದ್ರಕ್ಕೆ ಹೇಳಿಕಳಿಸಿದಳು. ಕೇಂದ್ರದಿಂದ ಬಂದವಳು ಜಸಿಂತಾ ಪಿಂಟೊ. ಮೂವತ್ತೈದರ ಹೆಂಗಸು, ಹೆಗಲಿಗೆ ಸ್ಕ್ರೂಡ್ರೈವರುಗಳ ಚೀಲ.

ಡಬ್ಬದ ಪಕ್ಕದ ತಗಡನ್ನು ಕಳಚಿ ಒಳಗೆ ಬ್ರಷ್ಷಾಡಿಸುತ್ತ ಜಸಿಂತಾ ಕೇಳಿದಳು: “ಟೀಚರ್, ಇದರೊಳಗೆ ಎಷ್ಟು ವರ್ಷದ ಧೂಳುಂಟು?”

“ನಾನು ಟೀಚರ್ ಅಲ್ಲಮ್ಮ.”

“ಕನ್ನಡಕ ಹಾಕಿ ನೋಡುವ ರೀತಿ ನೋಡಿದ್ರೆ ಟೀಚರೇ.” ಅವಳು ಡಿಸ್ಕಿಗೆ ಕಿವಿಗೊಟ್ಟಳು. “ಇದು ಹೆಚ್ಚೆಂದರೆ ಎರಡು ವಾರ. ರ‍್ಯಾಮ್ ಹೆಚ್ಚು ಮಾಡಬಹುದು, ಅರ್ಥಫಲಕ ಅಂತ ಒಂದು ಕಾರ್ಡ್ ಕೂರಿಸಬಹುದು, ಹೊಸ ಡಿಸ್ಕ್ ಹಾಕಬಹುದು. ಸಾರಗ್ರಾಹಿ ಓಡ್ತದೆ, ಸ್ವಲ್ಪ ಏದುಸಿರು ಬಿಟ್ಟಾದ್ರೂ.”

“ಸಾರಗ್ರಾಹಿ ಬೇಡ. ಹೊಸ ಡಿಸ್ಕಿಗೆ ಇದ್ದದ್ದನ್ನು ಇದ್ದ ಹಾಗೆ ಹಾಕಿ ಕೊಡು.”

“ಅದೇ ಆಗುದಿಲ್ಲ. ಬರೇ ಅಕ್ಷರ ಇಡುವ ಡಿಸ್ಕು ಈಗ ಯಾರೂ ಮಾಡುದಿಲ್ಲ. ನೀವು ಹೊಸ ಯಂತ್ರವೇ ತಗೊಳ್ಬಹುದಲ್ವಾ?”

ಆಗುವಂತಿರಲಿಲ್ಲ. ಹಳಗನ್ನಡದ ೞ, ಱ ಎಂಬೆರಡು ಅಕ್ಷರಗಳಿಗಾಗಿ ವಿಶೇಷವಾಗಿ ಮಾಡಿಸಿದ ಅಕ್ಷರ ತಂತ್ರಾಂಶವು ಆ ಒಂದೇ ಯಂತ್ರದ ಫಲಕಕ್ಕೆ ಕಟ್ಟಿಕೊಂಡಿತ್ತು, ಬೇರೆಡೆ ತೆರೆಯದು. ಹಳೆಯ ಮುದ್ರಕದ ಶಾಯಿ ಸಿಗುವುದು ನಿಂತು ಆರು ವರ್ಷ. ಹೊಸ ಮುದ್ರಕಗಳೂ ಕ್ಯಾಮರಾಗಳೂ ಸಾರಗ್ರಾಹಿಯ ಮಕ್ಕಳೇ. ಕೈಯಿಂದ ನಕಲು ಮಾಡೋಣವೆಂದರೆ ಎರಡು ವಾರದಲ್ಲಿ ಮೂವತ್ತು ವರ್ಷದ ಬರಹ ಮುಗಿಯುವಂತಿರಲಿಲ್ಲ.

“ಒಂದು ಪುಟ ಮಾದರಿಗೆ ಹಾಕಿ ನೋಡುವ. ಹಳೆಯದು ಹಳೆಯದಾಗಿಯೇ ಇರ್ತದೆ, ಹೆದರಬೇಡಿ” ಎಂದು ಹೇಳಿ ಜಸಿಂತಾ ಡಬ್ಬವನ್ನು ರಿಕ್ಷಾದಲ್ಲಿಟ್ಟಳು. ಮರುದೇವಿ ಅದನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಕುಳಿತಳು.

ಪರಿವರ್ತನಾ ಕೇಂದ್ರವು ತಣ್ಣಗಿನ, ಕಿಟಕಿಯಿಲ್ಲದ ಕೋಣೆ. ಗೋಡೆಯುದ್ದಕ್ಕೂ ಪರದೆಗಳು, ಅವುಗಳಲ್ಲಿ ಜಿಲ್ಲೆಯ ಹಳೆಯ ಕಾಗದಪತ್ರಗಳು ಅರ್ಥವಾಗಿ ಕರಗುತ್ತ ಸಾಗುತ್ತಿದ್ದವು. ಜಸಿಂತಾ ಡಬ್ಬಕ್ಕೆ ಹೊಸ ರ‍್ಯಾಮನ್ನೂ ಅರ್ಥಫಲಕವನ್ನೂ ಕೂರಿಸಿ, ಹಳೆಯ ಡಿಸ್ಕಿನ ಪಕ್ಕಕ್ಕೆ ಹೊಸದನ್ನು ಜೋಡಿಸಿ, ಒಂದು ಪುಟವನ್ನು ಒಪ್ಪಿಸಿದಳು. ಕ್ಷಣದಲ್ಲಿ ಪುಟ ಹಿಂದಿರುಗಿತು.

ಮರುದೇವಿ ಓದಿದಳು. ಅವಳು ದಾಖಲಿಸಿದ್ದ ಪುಟದ ಪ್ರಕಾರ, ಕ, ಖ, ಘ ಪ್ರತಿಗಳಲ್ಲಿ ‘ಬಾಳ್’ ಎಂದಿದ್ದ ಕಡೆ ಗ ಪ್ರತಿಯಲ್ಲಿ ‘ಬಾೞ್’ ಎಂದಿತ್ತು. ಮೊದಲನೆಯದು ಖಡ್ಗ, ಎರಡನೆಯದು ಬದುಕು. ಯುದ್ಧದಲ್ಲಿ ಸೋತ ಅರಸನಿಗೆ ಗೆದ್ದವನು ಕೊಟ್ಟದ್ದು ಕತ್ತಿಯೋ ಜೀವವೋ ಎಂಬುದು ಆ ಒಂದು ಅಕ್ಷರದ ಮೇಲೆ ನಿಂತಿತ್ತು. ಸಾರಗ್ರಾಹಿ ಹೀಗೆ ಬರೆದಿತ್ತು: ‘ನಾಲ್ಕು ಪ್ರತಿಗಳೂ ಒಂದೇ ಸಂಗತಿಯನ್ನು ಹೇಳುತ್ತವೆ. ಗಮನಾರ್ಹ ಭೇದವಿಲ್ಲ.’

“ಭೇದವಿಲ್ಲವಂತೆ” ಎಂದಳು ಮರುದೇವಿ.

ಅದರ ಕೆಳಗೆ ಒಂದು ಟಿಪ್ಪಣಿಯಿತ್ತು. ಅದನ್ನು ಅವಳು ಎರಡು ಸಲ ಓದಿದಳು. ಬಳಿಕ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು.

“ಇದು ಕುಸುಮಾವತಿಯ ಟಿಪ್ಪಣಿ. ನಾನೇ ಬರೆದ ಹಾಗೆ ಉಂಟಲ್ಲ.”

“ಅದೇ ಅಲ್ವಾ ಟೀಚರ್ ಅದರ ವಿಶೇಷ? ನಿಮಗೆ ನಿಮ್ಮ ಭಾಷೆಯಲ್ಲೇ ಕೊಡ್ತದೆ.”

“ನನ್ನ ಭಾಷೆ ನನಗೆ ಗೊತ್ತುಂಟಮ್ಮ.”

ಕುಸುಮಾವತಿ ಹನ್ನೊಂದು ವರ್ಷಗಳ ಹಿಂದೆ ತೀರಿಹೋದ ಗೆಳತಿ. ಶ್ರುತಭಂಡಾರದಲ್ಲಿ ಇಬ್ಬರೂ ಎದುರುಬದುರು ಕುಳಿತು ಕೆಲಸ ಮಾಡುತ್ತಿದ್ದರು. ಒಬ್ಬಳು ಓಲೆಯನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬಳು ಕೇಳಿ ಬೆರಳಚ್ಚಿಸುವುದು. ಇಂದಿನವರ ನಾಲಗೆಯಲ್ಲಿ ೞ ಮತ್ತು ಳ ಒಂದೇ, ಱ ಮತ್ತು ರ ಒಂದೇ ಆದ್ದರಿಂದ, ೞ ಬಂದಾಗ ಓದುವವಳು ಬೆರಳ ಗೆಣ್ಣಿನಿಂದ ಮೇಜನ್ನು ಒಮ್ಮೆ ಕುಟ್ಟಬೇಕು, ಱ ಬಂದಾಗ ಎರಡು ಸಲ. ಕೆಳಗಿನ ಅಂಚೆಯ ಗುಮಾಸ್ತರು ಮೊದಮೊದಲು ಬಡಗಿಯ ಕೆಲಸವೆಂದು ತಿಳಿದಿದ್ದರು. ಕುಸುಮಾವತಿಯ ಮನೆಮಾತು ತುಳು. ಅವಳು ತನ್ನದೇ ಟಿಪ್ಪಣಿಗಳಲ್ಲಿ ಭಾವವನ್ನು ‘ಬಾವ’ ಎಂದೂ ಖಂಡವನ್ನು ‘ಕಂಡ’ ಎಂದೂ ಬರೆಯುತ್ತಿದ್ದಳು. “ನಿನ್ನ ಮಹಾಪ್ರಾಣವೆಲ್ಲ ಎಲ್ಲಿ ಹೋಯಿತು ಮಾರಾಯ್ತಿ?” ಎಂದು ಮರುದೇವಿ ಗದರಿದರೆ, “ಉಳಿಸಿ ಇಟ್ಟಿದ್ದೇನೆ. ಕೊನೆಗೆ ಉಸಿರು ಬೇಕಾಗ್ತದಲ್ಲ” ಎನ್ನುತ್ತಿದ್ದಳು. ಓಲೆಯ ಪಾಠದಲ್ಲಿ ಮಾತ್ರ ಅವಳು ಒಂದು ಚುಕ್ಕೆಯನ್ನೂ ತಪ್ಪಿದವಳಲ್ಲ. ಲಿಪಿಕಾರನ ಧರ್ಮ ಅದು. ತಿದ್ದುವುದು ಪಂಡಿತನ ಕೆಲಸ. ಲಿಪಿಕಾರನದು ಕಂಡಂತೆ ಬರೆಯುವುದು.

ಮರುದೇವಿ ಡಬ್ಬವನ್ನು ಅಲ್ಲಿಯೇ ಬಿಟ್ಟು ಬಸ್ಸಿನಲ್ಲಿ ಮನೆಗೆ ಮರಳಿದಳು. ಕೆಲಸವಿಲ್ಲದ ಸಂಜೆ ಅವಳಿಗೆ ಅಭ್ಯಾಸವಿರಲಿಲ್ಲ. ಸಾಮಾಯಿಕದ ಧ್ಯಾನಕ್ಕೆ ಕುಳಿತಳು, ಮನಸ್ಸು ನಿಲ್ಲಲಿಲ್ಲ. ಗ ಪ್ರತಿ ಹೋದರೆ ಒಂದು ಪುರಾಣದ ಹಳೆಯ ಪಾಠ ಹೋಗುತ್ತದೆ. ಅದನ್ನು ಅವಳು ಲೋಕಕ್ಕೆ ಹೇಳಬಲ್ಲಳು. ಆ ಬರಹದ ಜೊತೆಯಲ್ಲೇ ಹೋಗಲಿದ್ದ ಇನ್ನೊಂದನ್ನು ಯಾರಿಗೆ ಹೇಳುವುದು? ಭೂಮಿಯ ಮೇಲೆ ಅವಳನ್ನು ಬಿಟ್ಟು ಬೇರೊಬ್ಬರು ಬರೆದದ್ದೆಂದು ಅವಳ ಪಾಲಿಗೆ ಉಳಿದಿದ್ದುದು ಕುಸುಮಾವತಿಯ ಆ ಟಿಪ್ಪಣಿಗಳು ಮಾತ್ರ.

ಅದೇ ಹೊತ್ತಿನಲ್ಲಿ ಜಸಿಂತಾ ತನ್ನ ಮನೆಯಲ್ಲಿ ಗಂಡನ ಪತ್ರವನ್ನು ತೆರೆದಿದ್ದಳು. ಸಿರಿಲ್ ಹಡಗಿನ ಎಂಜಿನು ಕೋಣೆಯಲ್ಲಿ ಕೆಲಸಮಾಡುತ್ತಿದ್ದನು; ವರ್ಷಕ್ಕೆ ಒಂದು ತಿಂಗಳು ಮನೆ. ‘ಇಲ್ಲಿ ಗಾಳಿ ಜೋರು. ಊಟ ಆಯಿತು. ನೀನು ಹುಷಾರಾಗಿರು’ ಎಂದು ಪರದೆಯಲ್ಲಿತ್ತು. ಅಚ್ಚುಕಟ್ಟಾಗಿತ್ತು, ಅವಳೇ ಬರೆಯುವಷ್ಟು ಅಚ್ಚುಕಟ್ಟಾಗಿ. ಮದುವೆಗೆ ಮುಂಚೆ ಅವನು ಕನ್ನಡ ಲಿಪಿಯಲ್ಲಿ ಕೊಂಕಣಿಯನ್ನು ಸೊಟ್ಟಸೊಟ್ಟಾಗಿ ಬರೆದು ಕಳಿಸುತ್ತಿದ್ದನು. ಅವಳ ಹೆಸರನ್ನೂ ತಪ್ಪಾಗಿಯೇ ಬರೆಯುತ್ತಿದ್ದನು. ಹೇಗೆ ಬರೆಯುತ್ತಿದ್ದನೆಂದು ನೆನಪಿಸಿಕೊಳ್ಳಲು ಅವಳು ಬಹಳ ಹೊತ್ತು ಯತ್ನಿಸಿದಳು. ನೆನಪಾಗಲಿಲ್ಲ. ಆ ಪತ್ರಗಳನ್ನು ಪರಿವರ್ತಿಸಿದವಳು ಅವಳೇ.

ಮೂರನೆಯ ದಿನ ಸಂಜೆ ಐದೂವರೆಗೆ ಅವಳು ಮರುದೇವಿಯ ಮನೆಯ ಬಾಗಿಲು ತಟ್ಟಿದಳು.

“ಬಾ, ಊಟಕ್ಕೆ ಕೂರುವ ಹೊತ್ತು” ಎಂದಳು ಮರುದೇವಿ.

“ಐದೂವರೆಗೆ ಊಟವಾ?”

“ಸೂರ್ಯ ಮುಳುಗಿದ ಮೇಲೆ ನಮಗಿಲ್ಲ. ಹಸಿವು ಇಲ್ಲದಿದ್ರೂ ಕೂತ್ಕೋ. ಒಬ್ಬಳಿಗೇ ಬಡಿಸಿಕೊಂಡು ಸಾಕಾಗಿದೆ.”

ಜಸಿಂತಾ ಕುಳಿತು ಸಾಂಬಾರನ್ನು ಕಲಸಿದಳು. “ಇದ್ರಲ್ಲಿ ಬಟಾಟೆ ಇಲ್ಲ, ನೀರುಳ್ಳಿ ಇಲ್ಲ. ಆದ್ರೂ ರುಚಿ ಉಂಟು. ಎಂತ ಹಾಕಿದ್ರಿ?”

“ಬಾಳೆಕಾಯಿ. ಬಂದ ವಿಷಯ ಹೇಳು.”

“ಟೀಚರ್, ಯಂತ್ರದ ಒಳಗೆ ಅಕ್ಷರ ಅಂತ ಇಲ್ಲವೇ ಇಲ್ಲ. ಇರುದು ಅಂಕೆ ಮಾತ್ರ. ಒಂದೊಂದು ಅಕ್ಷರಕ್ಕೆ ಒಂದೊಂದು ಅಂಕೆ. ನಿಮ್ಮ ತಂತ್ರಾಂಶ ಆ ಅಂಕೆ ನೋಡಿ ಪರದೆ ಮೇಲೆ ಅಕ್ಷರ ಬಿಡಿಸ್ತದೆ, ಅಷ್ಟೆ. ಸಾರಗ್ರಾಹಿ ಅಕ್ಷರ ಅಳಿಸ್ತದೆ, ಅಂಕೆ ಅಳಿಸುದಿಲ್ಲ. ಮದ್ದಿನ ಪ್ರಮಾಣ, ಸೇತುವೆಯ ಅಳತೆ, ಇದೆಲ್ಲ ಒಂದು ಸೊನ್ನೆ ಆಚೀಚೆ ಆದ್ರೆ ಜನ ಸಾಯ್ತಾರಲ್ಲ. ಹಾಗಾಗಿ ಅಂಕೆಯನ್ನು ಕೊಟ್ಟ ಹಾಗೇ ಇಡ್ತದೆ. ನಿಮ್ಮ ಕಡತವನ್ನು ಬರೇ ಅಂಕೆಗಳ ಸಾಲು ಮಾಡಿ ಕೊಟ್ಟುಬಿಡುವ.”

ಮರುದೇವಿಯ ಕೈ ತುತ್ತಿನೊಡನೆ ನಿಂತಿತು. “ಮತ್ತೆ ಓದುದು?”

“ಅದೇ ಕಷ್ಟ. ಹಳೆಯ ತಂತ್ರಾಂಶ ಸಾರಗ್ರಾಹಿಯಲ್ಲಿ ಓಡುದಿಲ್ಲ. ಯಾವ ಅಂಕೆಗೆ ಯಾವ ಅಕ್ಷರ ಅನ್ನುವ ಪಟ್ಟಿ ಕಾಗದದಲ್ಲಿ ಉಂಟಾ?”

“ಉಂಟು. ತಂತ್ರಾಂಶದ ಜೊತೆ ಕೊಟ್ಟ ಪುಸ್ತಿಕೆಯಲ್ಲಿ.”

“ಹಾಗಾದ್ರೆ ಕೈಯಲ್ಲೇ ಬಿಡಿಸ್ಬೇಕು. ಒಂದೊಂದೇ ಅಂಕೆ. ನಿಮ್ಮ ಆಯುಸ್ಸು ಸಾಕಾಗ್ಲಿಕ್ಕಿಲ್ಲ ಟೀಚರ್.”

“ಆಯುಸ್ಸು ಬೇರೆ ಎಂತಕ್ಕುಂಟು?” ಎಂದು ಮರುದೇವಿ ಅವಳಿಗೆ ಇನ್ನಷ್ಟು ಅನ್ನ ಬಡಿಸಿದಳು.

ಮರುದಿನ ಕೇಂದ್ರದ ತಣ್ಣನೆಯ ಕೋಣೆಯಲ್ಲಿ ಹಳೆಯ ಡಿಸ್ಕು ನಿಮಿಷಕ್ಕೊಮ್ಮೆ ಲೊಚಗುಟ್ಟುತ್ತಿತ್ತು. ಜಸಿಂತಾ ಕಡತವನ್ನು ಅಂಕೆಗಳಾಗಿ ಸುರಿದು ಸಾರಗ್ರಾಹಿಯ ಬಾಗಿಲಿಗೆ ತಂದು ನಿಲ್ಲಿಸಿದಳು. ಪರದೆಯ ಮೇಲೆ ಒಂದು ಪ್ರಶ್ನೆ ಮೂಡಿತು: ‘ಈ ಅಂಕೆಗಳು ಏನನ್ನು ಹೇಳುತ್ತವೆ?’

ಜಸಿಂತಾಳ ಮುಖ ಇಳಿಯಿತು. “ಇದೊಂದು ಬರ್ತದೆ ಅಂತ ಗೊತ್ತಿತ್ತು. ಬರಹ ಅಂತ ಹೇಳಿದ್ರೆ ಬಿಡಿಸಿ ಓದಿ ಕರಗಿಸ್ತದೆ. ಏನೂ ಇಲ್ಲ ಅಂತ ಹೇಳಿದ್ರೆ ಕಸ ಅಂತ ಎಸೀತದೆ. ಸಮುದ್ರದ ಅಲೆಗಳ ಅಳತೆ ಅಂತ ಹಾಕುವ. ಯಾರು ಕೇಳ್ತಾರೆ?”

“ಸುಳ್ಳು ಹೇಳುದಿಲ್ಲ ಅಂತ ವ್ರತ ಹಿಡಿದವಳು ನಾನು.”

“ಯಂತ್ರಕ್ಕೆ ಹೇಳುದಲ್ವಾ ಟೀಚರ್?”

“ಕೇಳುವವರನ್ನು ನೋಡಿ ವ್ರತ ಹಿಡಿಯುದಿಲ್ಲ. ನಾಲಗೆ ನನ್ನದು.”

“ಸರಿ, ಸತ್ಯ ಹೇಳಿ, ಎಲ್ಲ ಹೋಗ್ಲಿ” ಎಂದು ಜಸಿಂತಾ ಕುರ್ಚಿಗೆ ಒರಗಿದಳು. ಡಿಸ್ಕು ಮತ್ತೆ ಲೊಚಗುಟ್ಟಿತು. ಈ ಬಾರಿ ಎರಡು ಸಲ.

ಮರುದೇವಿ ಕಣ್ಣು ಮುಚ್ಚಿದಳು. ಆ ಬರಹ ಏನನ್ನು ಹೇಳುತ್ತದೆ? ಬದುಕನ್ನು ಹೇಳುತ್ತದೆ ಎಂದರೆ ಮೂರು ಪ್ರತಿಗಳು ಅಲ್ಲ ಎನ್ನುತ್ತವೆ. ಖಡ್ಗವನ್ನು ಹೇಳುತ್ತದೆ ಎಂದರೆ ಗ ಪ್ರತಿ ಅಲ್ಲ ಎನ್ನುತ್ತದೆ. ಪಾಠಾಂತರವೆಂದರೆ ಎರಡನ್ನೂ ಒಂದೇ ಕ್ಷಣದಲ್ಲಿ ಹಿಡಿದು ನಿಲ್ಲುವುದು. ಅವಳ ಗುರುಗಳು ಸ್ಯಾದ್ವಾದವನ್ನು ಪಾಠ ಹೇಳುವಾಗ ಹೀಗೆ ಹೇಳಿದ್ದರು: ವಸ್ತುವು ಒಂದು ದೃಷ್ಟಿಯಿಂದ ಇದೆ, ಇನ್ನೊಂದು ದೃಷ್ಟಿಯಿಂದ ಇಲ್ಲ, ಆ ಎರಡನ್ನೂ ಏಕಕಾಲದಲ್ಲಿ ಹೇಳಹೊರಟರೆ ಮಾತು ಸೋಲುತ್ತದೆ. ಆ ಸೋಲು ಅಜ್ಞಾನವಲ್ಲ, ಶೂನ್ಯವೂ ಅಲ್ಲ. ವಸ್ತುವಿಗೆ ಸಲ್ಲುವ ಏಳು ಉತ್ತರಗಳಲ್ಲಿ ಅದೂ ಒಂದು ಉತ್ತರ.

ಅವಳು ಕೀಲಿಮಣೆಯನ್ನು ತನ್ನತ್ತ ಎಳೆದುಕೊಂಡು ಒಂದೇ ಪದವನ್ನು ಒತ್ತಿದಳು: ಅವಕ್ತವ್ಯ.

“ಅದು ಎಂತದು?” ಎಂದಳು ಜಸಿಂತಾ.

“ಹೇಳಲಾಗದ್ದು. ಇಲ್ಲದ್ದಲ್ಲ. ಉಂಟು, ಆದರೆ ಹೇಳಲಾಗದ್ದು.”

ಜಿಲ್ಲೆಯ ಕಾಗದಗಳನ್ನೆಲ್ಲ ಚಿಟಿಕೆಯಲ್ಲಿ ಕರಗಿಸುತ್ತಿದ್ದ ಸಾರಗ್ರಾಹಿ ಆ ಒಂದು ಪದದ ಮುಂದೆ ಬಹಳ ಹೊತ್ತು ನಿಂತಿತು. ಪಂಖಗಳ ಸದ್ದು ಏರಿತು. ಕೊನೆಗೆ ಪರದೆಯ ಮೇಲೆ ಎರಡು ವಾಕ್ಯಗಳು ಮೂಡಿದವು: ‘ಇನ್ನೂ ಹೇಳಲಾಗದ್ದು ಎಂದು ಸ್ವೀಕರಿಸಲಾಗಿದೆ. ನೀವು ಹೇಳುವವರೆಗೆ ಒಂದು ಅಂಕೆಯನ್ನೂ ಮುಟ್ಟುವುದಿಲ್ಲ.’

ಜಸಿಂತಾ ಮುಂದಕ್ಕೆ ಬಾಗಿ ಓದಿದಳು. “ಗೊತ್ತಾಯ್ತು. ಡಾಕ್ಟರುಗಳಿಗಾಗಿ ಒಂದು ಕೋಣೆ ಇಟ್ಟಿದ್ದಾರೆ ಇದ್ರಲ್ಲಿ. ಯಾವ ರೋಗ ಅಂತ ತಿಳಿಯದ ರೋಗಿಗಳ ಲೆಕ್ಕವನ್ನು ಹಾಗೇ ಇಡ್ಲಿಕ್ಕೆ. ನಿಮ್ಮ ಪುರಾಣ ಹೋಗಿ ಆಸ್ಪತ್ರೆಗೆ ಸೇರಿತು ಟೀಚರ್.”

ಮರುದೇವಿ ನಕ್ಕಳು. ಅಂಕೆಗಳು ಒಳಗೆ ಹೋಗಲು ನಲವತ್ತು ನಿಮಿಷ ಹಿಡಿಯಿತು. ಕೊನೆಯ ಸಾಲು ಹೋದ ಬಳಿಕ ಹಳೆಯ ಡಿಸ್ಕನ್ನು ಎಷ್ಟು ಸಲ ಎಬ್ಬಿಸಿದರೂ ಅದು ಏಳಲಿಲ್ಲ.

ಡಬ್ಬವು ಶ್ರುತಭಂಡಾರಕ್ಕೆ ಮರಳಿತು. ಹೊಸ ವ್ಯವಸ್ಥೆಯಲ್ಲಿ ಅದು ಚುರುಕಾಗಿತ್ತು. ಅವಳು ಕೇಳದಿದ್ದರೂ ಹವಾಮಾನ ಹೇಳುತ್ತಿತ್ತು. ಗ ಪ್ರತಿಯಿದ್ದ ಕಡೆ ಈಗ ಅಂಕೆಗಳ ಸಾಲುಗಳು ಮಾತ್ರ, ಪುಟದ ಮೇಲೆ ಪುಟ, ಇರುವೆಗಳ ಹಾದಿಯಂತೆ. ಮರುದೇವಿ ಪುಸ್ತಿಕೆಯ ಪಟ್ಟಿಯನ್ನು ಎಡಗಡೆ ಇಟ್ಟು, ಬಲಗಡೆ ರೂಲು ಹಾಳೆಯನ್ನಿಟ್ಟು, ಬಿಡಿಸಲು ಕುಳಿತಳು. ದಿನಕ್ಕೆ ಹತ್ತು ಸಾಲು. ಕಣ್ಣು ಸಹಕರಿಸಿದರೆ ಹನ್ನೆರಡು. ಮೊದಲಿನಿಂದ ಆರಂಭಿಸಲಿಲ್ಲ. ಮೊದಲ ಭಾಗಗಳನ್ನು ಅವಳು ಹಿಂದೆ ಅನೇಕ ಸಲ ಓದಿದ್ದಳು. ಪುರಾಣದ ಕೊನೆಯ ಆಶ್ವಾಸದಲ್ಲಿ ಗ ಪ್ರತಿಯ ಆರು ಓಲೆಗಳನ್ನು ಕುಸುಮಾವತಿ ಒಬ್ಬಳೇ ಮಾಡಿದ್ದಳು. ಆಗ ಮರುದೇವಿ ಟೈಫಾಯ್ಡ್ ಆಗಿ ಒಂದು ತಿಂಗಳು ಮಲಗಿದ್ದಳು. ಗೆಳತಿಯ ಕೆಲಸದ ಮೇಲಿನ ನಂಬಿಕೆಯಿಂದ ಅದನ್ನು ಅವಳು ಆಗ ತೆರೆದು ನೋಡಿರಲಿಲ್ಲ. ಗೆಳತಿ ಹೋದ ಮೇಲೆ ತೆರೆಯುವ ಧೈರ್ಯ ಬಂದಿರಲಿಲ್ಲ.

ಆ ಭಾಗದ ಆರಂಭದಲ್ಲಿ ಪದ್ಯವಿರಲಿಲ್ಲ. ಅಂಕೆಗಳಿಂದ ಒಂದೊಂದಾಗಿ ಎದ್ದುಬಂದ ಅಕ್ಷರಗಳು ಎರಡು ದಿನಗಳಲ್ಲಿ ಹೀಗಾದವು:

‘ಮರುದೇವಿಗೆ ಜ್ವರ. ಇಲ್ಲಿಂದ ಆರು ಓಲೆ ನಾನೇ ಓದಿ ನಾನೇ ಬರೆದದ್ದು. ಕೇಳುವವರು ಇಲ್ಲದೆ ಓದುದು ಎಂತದೋ ಒಂದು ನಮೂನೆ. ತಪ್ಪು ಇರಬಹುದು. ಅವಳು ಹುಶಾರಾದ ಮೇಲೆ ಒಮ್ಮೆ ಗಟ್ಟಿ ಓದಿ ನೋಡ್ಬೇಕು. ಅಲ್ಲಿವರೆಗೆ ಇದು ಅರ್ದ ಕೆಲಸ.’

ಜ್ವರ ಬಿಟ್ಟು ಬಂದವಳಿಗೆ ಕುಸುಮಾವತಿ ಇದನ್ನು ಹೇಳಿರಲಿಲ್ಲ. ಮರೆತಳೋ, ಬಳಲಿದವಳನ್ನು ಕಾಡಬಾರದೆಂದು ಸುಮ್ಮನಾದಳೋ, ತಿಳಿಯಲು ಈಗ ದಾರಿಯಿಲ್ಲ. ಮರುದೇವಿ ಆ ಹಾಳೆಯನ್ನು ಮುಂದಿಟ್ಟುಕೊಂಡು ಆ ದಿನ ಮತ್ತೇನನ್ನೂ ಬಿಡಿಸಲಿಲ್ಲ.

ಆರು ಓಲೆಗಳು ಮುಗಿಯಲು ಮೂರು ತಿಂಗಳಾದವು. ಮುಗಿದ ಮರುದಿನ ಬೆಳಿಗ್ಗೆ ಅವಳು ಬಸದಿಗೆ ಹೋಗಿ ಬಂದು, ಕಿಟಕಿಗಳನ್ನು ತೆರೆದು, ಎದುರಿನ ಕುರ್ಚಿಯ ಮೇಲಿದ್ದ ಕಾಗದದ ಕಟ್ಟುಗಳನ್ನು ಕೆಳಗಿಳಿಸಿದಳು. ಬಳಿಕ ಗಟ್ಟಿಯಾಗಿ ಓದತೊಡಗಿದಳು. ಹನ್ನೊಂದು ವರ್ಷ ಗಟ್ಟಿಯಾಗಿ ಓದದ ಕಂಠ ಮೊದಲು ಒಡೆಯಿತು. ನಾಲ್ಕನೆಯ ಪದ್ಯದ ಹೊತ್ತಿಗೆ ಹದಕ್ಕೆ ಬಂತು. ಕೋಣೆಯಲ್ಲಿ ಕಂದಪದ್ಯಗಳು ಒಂದರ ಬೆನ್ನಿಗೊಂದು ನಡೆದವು. ಹದಿನೇಳನೆಯ ಪದ್ಯದ ಎರಡನೆಯ ಸಾಲಿನಲ್ಲಿ ಅವಳು ನಿಂತಳು. ಇಪ್ಪತ್ತು ಮಾತ್ರೆಗಳಿರಬೇಕಾದ ಸಾಲು. ಬೆರಳು ಮಡಚಿ ಎಣಿಸಿದಳು. ಮತ್ತೆ ಎಣಿಸಿದಳು.

“ಒಂದು ಮಾತ್ರೆ ಕಡಿಮೆ ಉಂಟು, ಕುಸುಮಾ.”

ಓಲೆಯಲ್ಲೇ ಕಡಿಮೆಯಿತ್ತೋ, ಕುಸುಮಾವತಿಯ ಬೆರಳು ಜಾರಿತ್ತೋ, ಹೇಳಬಲ್ಲ ಓಲೆ ಈಗಿಲ್ಲ. ಯಾವ ಅಕ್ಷರ ಸೇರಿಸಿದರೆ ಸರಿಹೋದೀತೆಂದು ಅವಳಿಗೆ ತಕ್ಷಣವೇ ಹೊಳೆಯಿತು, ಸೇರಿಸಲಿಲ್ಲ. ಉಳಿದದ್ದನ್ನು ಕೊನೆಯವರೆಗೆ ಓದಿದಳು. ಮಧ್ಯಾಹ್ನವಾಗಿತ್ತು. ಕೆಳಗೆ ಅಂಚೆಯವರು ಮುದ್ರೆ ಒತ್ತುವ ಸದ್ದು ನಿಂತಿತ್ತು. ಅವಳು ಪಟ್ಟಿಯನ್ನು ಹತ್ತಿರ ಎಳೆದುಕೊಂಡು, ಒಂದೊಂದು ಅಕ್ಷರಕ್ಕೂ ಅಂಕೆಯನ್ನು ಹುಡುಕಿ, ಗೆಳತಿಯ ಟಿಪ್ಪಣಿಯ ಅಂಕೆಗಳು ಮುಗಿದ ಕಡೆ ತನ್ನವನ್ನು ಸೇರಿಸಿದಳು. ಯಂತ್ರವು ಅವನ್ನು ಏನೆಂದು ಕೇಳದೆ ಇಟ್ಟುಕೊಂಡಿತು:

‘ಗಟ್ಟಿಯಾಗಿ ಓದಿ ನೋಡಿದ್ದೇನೆ. ಹದಿನೇಳರಲ್ಲಿ ಒಂದು ಮಾತ್ರೆ ಕಡಿಮೆ. ಹಾಗೆಯೇ ಬಿಟ್ಟಿದ್ದೇನೆ. ಉಳಿದದ್ದೆಲ್ಲ ಸರಿಯುಂಟು. ಕೆಲಸ ಪೂರ್ತಿಯಾಯಿತು.’

ಇದನ್ನು ಓದಿದವರಿಗೂ, ಓದುವುದನ್ನು ಕೇಳಿದವರಿಗೂ ಶುಭವಾಗಲಿ. ಒಂಟಿಯಾಗಿ ಓದುವವರಿಗೆ ಆಲಿಸುವ ಕಿವಿಯೊಂದು ದೊರೆಯಲಿ. ಒಂಟಿಯಾಗಿ ಬರೆದು ಹೋದವರಿಗೆ, ತಡವಾಗಿಯಾದರೂ, ಓದುವ ಕಣ್ಣೊಂದು ದೊರೆಯಲಿ. ನಿಮ್ಮ ಪ್ರಿಯರ ತಪ್ಪುಗಳು ತಪ್ಪುಗಳಾಗಿಯೇ ನಿಮ್ಮ ಬಳಿ ಬಹುಕಾಲ ಉಳಿಯಲಿ. ಸರ್ವ ಜೀವಗಳಿಗೂ ಕ್ಷೇಮವಾಗಲಿ.